ಪೆಟ್ಟಿಗೆಯ ತಳದ ಜೋಡಿ

ನಾನು ಒಂದು ಸ್ಕೀ. ಹಿಮದ ಇಳಿಜಾರಿನಲ್ಲಿ ಜಾರುವವರು ಕಾಲಿಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಉದ್ದನೆಯ ಹಲಗೆ. ಒಂದು ಅಂದೆನಾದರೂ ನಾವು ಇಬ್ಬರು. ಒಂಟಿ ಸ್ಕೀಯಿಂದ ಯಾರಿಗೂ ಉಪಯೋಗವಿಲ್ಲ. ಆದರೆ ನನ್ನ ಜೊತೆಯವನು ಮಾತಿನವನಲ್ಲ. ಎಡಗಾಲಿಗೆ ಹಾಕಿದರೆ ಎಡಕ್ಕೆ, ಬಲಗಾಲಿಗೆ ಹಾಕಿದರೆ ಬಲಕ್ಕೆ, ಸುಮ್ಮನೆ ಹೋಗುವ ಸ್ವಭಾವ. ಹಾಗಾಗಿ ಇಬ್ಬರ ಪರವಾಗಿ ನಾನೇ ಹೇಳುತ್ತೇನೆ. ಇದರಲ್ಲಿ ಬರುವ ಹೊಟ್ಟೆಕಿಚ್ಚು ಮಾತ್ರ ನನ್ನೊಬ್ಬನದು. ಅದರಲ್ಲಿ ಅವನಿಗೆ ಪಾಲಿಲ್ಲ.

ನಾನು ಹುಟ್ಟಿದ್ದು ದೂರದ ಯುರೋಪಿನಲ್ಲಿ, ಬೆಟ್ಟದ ಬುಡದ ಒಂದು ಕಾರ್ಖಾನೆಯಲ್ಲಿ. ಮರದ ತೆಳು ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಮೇಲೆ ಕೆಳಗೆ ಗಾಜಿನ ನಾರಿನ ಹೊದಿಕೆ ಹಾಕಿ, ಎರಡೂ ಬದಿಗೆ ಉಕ್ಕಿನ ಅಂಚು ಕೂಡಿಸಿ, ಕಾದ ಅಚ್ಚಿನಲ್ಲಿಟ್ಟು ಒತ್ತಿದರು. ಹೊರಗೆ ಬಂದಾಗ ನನ್ನ ಮೂತಿ ಮೇಲಕ್ಕೆ ಬಾಗಿತ್ತು, ಮೈಗೆ ಹಳದಿ ಬಣ್ಣ ಹಚ್ಚಿದ್ದರು. ಚೆನ್ನಾಗಿಯೇ ಇದ್ದೆ. ಕಾಲು ಗಂಟೆಯ ನಂತರ ಅದೇ ಅಚ್ಚಿನಿಂದ ಇನ್ನೊಂದು ಜೋಡಿ ಹೊರಗೆ ಬಂತು. ಅದೇ ಮರ, ಅದೇ ಅಂಟು, ಅದೇ ಹಳದಿ. ಅವನೇ ನನ್ನ ತಮ್ಮ. ನಮ್ಮನ್ನು ಅಕ್ಕಪಕ್ಕ ನಿಲ್ಲಿಸಿದರೆ ಅಚ್ಚು ಒತ್ತಿದವನಿಗೂ ಗುರುತು ಸಿಗುತ್ತಿರಲಿಲ್ಲ.

ನಮ್ಮನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿದರು. ಮೊದಲು ಹುಟ್ಟಿದವನು ನಾನಾದ್ದರಿಂದ ಮೊದಲು ನನ್ನನ್ನೇ ಇಟ್ಟರು, ಎಂದರೆ ತಳದಲ್ಲಿ. ನನ್ನ ಮೇಲೆ ಬೇರೆ ಅಚ್ಚುಗಳ ನಾಲ್ಕು ಜೋಡಿ, ಎಲ್ಲರ ಮೇಲೆ ತಮ್ಮ. ಆಗ ನನಗೆ ಏನೂ ಅನ್ನಿಸಲಿಲ್ಲ. ಹಿರಿಯನಿಗೆ ಮೊದಲ ಜಾಗ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿದ್ದೆ ಕೂಡ. ಪೆಟ್ಟಿಗೆಯನ್ನು ತೆರೆಯುವುದು ಮೇಲಿನಿಂದ ಎನ್ನುವ ಬುದ್ಧಿ ಆಗ ಇರಲಿಲ್ಲ.

ಹಡಗು, ರೈಲು, ಲಾರಿ ಎಲ್ಲ ದಾಟಿ ನಾವು ಹಿಮಾಚಲದ ಶಿಲಾಧಾರ್ ಎಂಬ ಬೆಟ್ಟದೂರಿಗೆ ಬಂದೆವು. ಅಲ್ಲೊಂದು ರಿಸಾರ್ಟ್, ರಿಸಾರ್ಟಿನ ಹಿಂದೆ ದೇವದಾರು ಮರಗಳ ನಡುವೆ ಉದ್ದನೆಯ ಬಿಳಿ ಇಳಿಜಾರು, ಅದರ ಬುಡದಲ್ಲಿ ಸ್ಕೀ ಬಾಡಿಗೆಗೆ ಕೊಡುವ ಒಂದು ತಗಡಿನ ಅಂಗಡಿ. ಅಂಗಡಿಯ ಯಜಮಾನನ ಹೆಸರು ಲಗಮಣ್ಣ. ಗೋಕಾಕದ ಕಡೆಯವನು. ಸೈನ್ಯಕ್ಕೆ ಸೇರಿದ ಮೇಲೆ ಮೊದಲ ಸಲ ಹಿಮ ನೋಡಿದವನು, ಕೊನೆಗೆ ಸೈನ್ಯದ ಹಿಮಶಾಲೆಯಲ್ಲಿ ಜವಾನರಿಗೇ ಸ್ಕೀ ಕಲಿಸುವ ಹವಾಲ್ದಾರನಾದ. ಇಲ್ಲಿಯ ಬಿಮಲಾ ಎಂಬವಳನ್ನು ಮದುವೆಯಾಗಿ, ನಿವೃತ್ತಿಯಾದ ಮೇಲೆ ಇಲ್ಲೇ ನಿಂತುಬಿಟ್ಟ; ಅಂಗಡಿಯ ಜೊತೆಗೆ ರಿಸಾರ್ಟಿನಲ್ಲಿ ಸ್ಕೀ ಕಲಿಸುವ ಕೆಲಸವನ್ನೂ ಹಿಡಿದ. ಒಬ್ಬಳೇ ಮಗಳು. ಅವಳಿಗೆ ತನ್ನ ತಾಯಿಯ ಹೆಸರಿಟ್ಟಿದ್ದ, ಬಾಳವ್ವ ಎಂದು. ಊರವರ ನಾಲಿಗೆಗೆ ಅದು ಹೊರಳದೆ ಅವರೆಲ್ಲ ಅವಳನ್ನು ಬಾಲಿ ಎನ್ನುತ್ತಿದ್ದರು. ಲಗಮಣ್ಣ ಮಾತ್ರ ತನ್ನ ತಾಯಿಯನ್ನೇ ಕರೆದಂತೆ ‘ಯವ್ವಾ’ ಎನ್ನುತ್ತಿದ್ದ. ಆ ಇಡೀ ಬೆಟ್ಟದ ಮೇಲೆ ಕನ್ನಡ ಬರುತ್ತಿದ್ದದ್ದು ಈ ಇಬ್ಬರಿಗೆ ಮಾತ್ರ. ಮೂರನೆಯವರು ಅಂದರೆ ಅಂಗಡಿಯಲ್ಲೇ ಬಿದ್ದುಕೊಂಡು ಕೇಳಿ ಕೇಳಿ ಕಲಿತ ನಾವು.

ಲಗಮಣ್ಣ ಪೆಟ್ಟಿಗೆ ತೆರೆದ. ಮೇಲಿದ್ದ ತಮ್ಮನನ್ನು ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಉದ್ದಕ್ಕೂ ನೋಡಿದ. ಬೆರಳಿನಿಂದ ಬೆನ್ನು ತಟ್ಟಿದ.

“ಇದು ನನಗ ಇರಲಿ,” ಅಂದ.

ಅಷ್ಟೇ. ಉಳಿದವರನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ಬಾಗಿಲ ಬಳಿ ಸ್ಕೀ ನಿಲ್ಲಿಸುವ ಮರದ ಚೌಕಟ್ಟಿನ ಚರಣಿಗೆಯಲ್ಲಿ, ಹಳೆಯ ಜೋಡಿಗಳ ಪಕ್ಕಕ್ಕೆ ಸಾಲಾಗಿ ನಿಲ್ಲಿಸಿ, ಕಪ್ಪು ಬಣ್ಣದಲ್ಲಿ ನಂಬರು ಬರೆದ. ನಾನು ಇಪ್ಪತ್ಮೂರು. ತಮ್ಮನಿಗೆ ನಂಬರಿಲ್ಲ. ಅವನನ್ನು ಒಳಗೆ, ಒಲೆಯ ಪಕ್ಕದ ಗೋಡೆಗೆ, ಎರಡು ಮರದ ಗೂಟಗಳ ಮೇಲೆ ತೂಗುಹಾಕಿದ. ನನಗಿಂತ ಹಗುರವಾಗಿದ್ದನೇ? ಇಲ್ಲ. ನೇರವಾಗಿದ್ದನೇ? ಇಲ್ಲ. ಮೇಲಿದ್ದ, ಅಷ್ಟೇ. ಮೇಲಿದ್ದದ್ದಕ್ಕೆ ಅವನು ಯಜಮಾನನ ಕಾಲಿಗೆ, ತಳದಲ್ಲಿದ್ದದ್ದಕ್ಕೆ ನಾನು ಕಂಡಕಂಡವರ ಕಾಲಿಗೆ. ಈ ಅನ್ಯಾಯವನ್ನು ನಾನು ಒಂದು ದಿನವೂ ಮರೆತದ್ದಿಲ್ಲ.

ಬಾಡಿಗೆಯ ಬಾಳು ಹೇಗಿರುತ್ತದೆ ಕೇಳಿ. ಬರುವವರಲ್ಲಿ ಹತ್ತಕ್ಕೆ ಎಂಟು ಮಂದಿಗೆ ಸ್ಕೀ ಬೇಕಾಗಿರುವುದು ಫೋಟೋಕ್ಕೆ. ಹೊಸದಾಗಿ ಮದುವೆಯಾದವರು ನನ್ನ ಮೇಲೆ ನಿಂತು, ಒಬ್ಬರನ್ನೊಬ್ಬರು ಹಿಡಿದುಕೊಂಡು, ಹತ್ತು ಫೋಟೋ ಹೊಡೆಸಿಕೊಂಡು, ಹತ್ತು ಅಡಿಯೂ ಜಾರದೆ ಇಳಿದು ಹೋಗುತ್ತಿದ್ದರು. ಒಬ್ಬರು ನನ್ನನ್ನು ಅಡ್ಡ ಹಾಕಿ ನನ್ನ ಮೇಲೆ ಕೂತು ಮ್ಯಾಗಿ ತಿಂದರು. ಒಮ್ಮೆ ದಾವಣಗೆರೆಯಿಂದ ಒಂದು ದೊಡ್ಡ ಕುಟುಂಬ ಬಂತು. ಐವತ್ತು ದಾಟಿದ ಹೆಂಗಸೊಬ್ಬರು ಸೀರೆಯ ಮೇಲೆ ಕೋಟು ಹಾಕಿ ನನ್ನ ಮೇಲೆ ಹತ್ತಿದರು.

“ರೀ, ನಿಲ್ಲಕ್ಕೇ ಆಗ್ತಿಲ್ಲ ಕಣ್ರೀ, ಜಾರ್ತಾ ಇದೆ ಇದು! ಬೇಗ ಹೊಡೀರಿ ಫೋಟೋ!” ಎಂದು ಕೂಗಿಕೊಂಡರು.

ಜಾರುವುದಕ್ಕೇ ಹುಟ್ಟಿದವನು ನಾನು, ಇನ್ನೇನು ಮಾಡಲಿ? ಕನ್ನಡ ಕಿವಿಗೆ ಬಿದ್ದದ್ದೇ ಲಗಮಣ್ಣ ಓಡಿಬಂದು ಅವರ ಕೈ ಹಿಡಿದ. ಆ ದಿನ ಅವರಿಗೆಲ್ಲ ಚಹಾ ಮಾಡಿಸಿ ಕುಡಿಸಿದ. ಅಂಥ ದಿನಗಳಲ್ಲಿ ನನಗೂ ಸ್ವಲ್ಪ ಮರ್ಯಾದೆ ಸಿಕ್ಕಂತೆ ಅನ್ನಿಸುತ್ತಿತ್ತು. ಆದರೆ ಸಂಜೆ ಚರಣಿಗೆಗೆ ಬಂದು ನಿಂತರೆ, ಒಳಗೆ ಒಲೆಯ ಪಕ್ಕ ತಮ್ಮ ಕಾಣುತ್ತಿದ್ದ. ಲಗಮಣ್ಣ ಅವನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಹಳೆಯ ಇಸ್ತ್ರಿಪೆಟ್ಟಿಗೆಯಿಂದ ಹೊಟ್ಟೆಗೆ ಬಿಸಿ ಮೇಣ ಸವರುತ್ತಿದ್ದ. ಅರದಿಂದ ಅಂಚು ಮಸೆಯುತ್ತಿದ್ದ. ನಮಗೆ ಮೇಣ ವಾರಕ್ಕೊಮ್ಮೆ, ಅದೂ ತಣ್ಣಗಿನದು, ಸೋಪು ಉಜ್ಜಿದ ಹಾಗೆ. ಅಂಚಿಗೆ ಅರ ತಾಗಿದ್ದು ವರ್ಷಕ್ಕೊಂದು ಸಲ. ಕಾದ ಮೇಣದ ವಾಸನೆ ಬಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಾಲ್ಕನೆಯ ಚಳಿಗಾಲದಲ್ಲಿ ಈ ಉರಿಗೆ ತುಪ್ಪ ಸುರಿಯುವಂಥದ್ದು ನಡೆಯಿತು. ರಿಸಾರ್ಟಿನವರು ಇಳಿಜಾರಿನ ಉದ್ದಕ್ಕೂ ಆರು ಎತ್ತರದ ಕಂಬ ನೆಟ್ಟು ದೊಡ್ಡ ದೊಡ್ಡ ದೀಪ ಹಾಕಿಸಿದರು. ಶನಿವಾರ ರಾತ್ರಿ ಒಂಬತ್ತರವರೆಗೆ ಸ್ಕೀ ಎಂದು ಬೋರ್ಡು ಬಿತ್ತು. ನಾನು ಕುಣಿಯುವುದೊಂದು ಬಾಕಿ. ಆದರೆ ಲಗಮಣ್ಣ ಅಂಗಡಿಯ ಬಾಗಿಲಿಗೆ ಇನ್ನೊಂದು ಬೋರ್ಡು ಹಾಕಿದ: ಬಾಡಿಗೆಯ ಸ್ಕೀಗಳನ್ನು ದೀಪ ಹತ್ತುವ ಮೊದಲು ತಂದೊಪ್ಪಿಸಬೇಕು. ಹಗಲು ಬಿಸಿಲಿಗೆ ಮೆತ್ತಗಾದ ಹಿಮ ಸಂಜೆಗೆ ಗಟ್ಟಿ ಮಂಜುಗಡ್ಡೆಯಾಗುತ್ತದೆ, ಅದರ ಮೇಲೆ ನಮ್ಮ ಮೊಂಡ ಅಂಚು ಹಿಡಿಯುವುದಿಲ್ಲ, ಯಾರಾದರೂ ಬಿದ್ದು ಕಾಲು ಮುರಿದುಕೊಳ್ಳುತ್ತಾರೆ ಎಂದು ಅವನ ವಾದ. ಮೊಂಡ ಮಾಡಿದ್ದು ಯಾರು? ಮಸೆಯದೆ ಬಿಟ್ಟದ್ದು ಯಾರು? ಕೇಳುವವರಿಲ್ಲ. ಮೇಲಾಗಿ ರಾತ್ರಿ ಎದ್ದು ಕಾಣಲಿ ಎಂದು ತಮ್ಮನ ಮೂತಿಗೂ ಬಾಲಕ್ಕೂ ಬೆಳ್ಳಿಯಂತೆ ಹೊಳೆಯುವ ಪಟ್ಟಿ ಅಂಟಿಸಿದ. ಮದುಮಗನ ಹಾಗೆ ಸಿಂಗಾರ ಮಾಡಿಕೊಂಡು ಅವನು ದೀಪದ ಬೆಳಕಿಗೆ ಹೊರಟ. ನಾವು ಕತ್ತಲಲ್ಲಿ ಗೋಡೆಗೆ ಒರಗಿ ನಿಂತೆವು.

ಒಂಬತ್ತು ದಾಟಿದ ಮೇಲೆ ಅವನು ಬರುತ್ತಿದ್ದ. ಮೈಯೆಲ್ಲ ಒದ್ದೆ. ನಾನು ಕೇಳಬಾರದು ಅಂದುಕೊಂಡರೂ ಕೇಳುತ್ತಿದ್ದೆ.

“ರಾತ್ರಿಯ ಹಿಮ ಬೇರೆಯೇ ಅಣ್ಣಾ,” ಅನ್ನುತ್ತಿದ್ದ ತಮ್ಮ. “ಹಗಲು ಅದು ಕಾಲಿಗೆ ಅಂಟುತ್ತದೆ. ರಾತ್ರಿ ಗರಗರ ಅನ್ನುತ್ತದೆ. ಕಂಬದ ಹತ್ತಿರ ಹೋಗುವಾಗ ನಮ್ಮ ನೆರಳು ಹಿಂದೆ ಇರುತ್ತದೆ, ಕಂಬ ದಾಟಿದ ಕೂಡಲೇ ಮುಂದೆ ಓಡುತ್ತದೆ. ಅದನ್ನು ಹಿಡಿಯಲು ಹೋಗುತ್ತೇವೆ, ಅಷ್ಟರಲ್ಲಿ ಇನ್ನೊಂದು ಕಂಬ.”

ಅವನು ಜಂಬ ಕೊಚ್ಚಿಕೊಳ್ಳುತ್ತಿರಲಿಲ್ಲ. ಅದೇ ನನಗೆ ಸಹಿಸಲು ಆಗುತ್ತಿರಲಿಲ್ಲ. ಜಂಬ ಮಾಡಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಏಳನೆಯ ಚಳಿಗಾಲದಲ್ಲಿ ತಮ್ಮ ಮಾತು ಕಡಿಮೆ ಮಾಡಿದ. ರಾತ್ರಿ ಬಂದು ಗೂಟದ ಮೇಲೆ ಸುಮ್ಮನೆ ಮಲಗುತ್ತಿದ್ದ. ಡಿಸೆಂಬರಿನ ಒಂದು ಶನಿವಾರ ಅವನ ಮೈಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು, ಬೆಳ್ಳಿ ಪಟ್ಟಿ ಅರ್ಧ ಕಿತ್ತುಬಂದಿತ್ತು. ಏನಾಯಿತು ಅಂದೆ. ಇಳಿಜಾರಿನ ಬಲಕ್ಕೆ ಹಳ್ಳವೊಂದಿದೆ, ಆಳವಾದದ್ದು, ಒಳಗೆಲ್ಲ ಬಂಡೆ. ಯಾರೂ ಅತ್ತ ಬೀಳದಿರಲೆಂದು ಬಲೆ ಕಟ್ಟಿದ್ದಾರೆ. ಆ ಬಲೆಗೆ ನೇರವಾಗಿ ನುಗ್ಗಿದೆವು ಅಂದ. ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಲು ಈಗ ನಾಚಿಕೆಯಾಗುತ್ತದೆ. ಅಂತೂ ಇವನಿಗೂ ವಯಸ್ಸಾಯಿತು, ಹಿಡಿತ ತಪ್ಪಿತು, ಇನ್ನು ಯಜಮಾನ ಬೇರೆ ಜೋಡಿ ಹುಡುಕುತ್ತಾನೆ, ಇಪ್ಪತ್ಮೂರರ ಮೇಲೆ ಕಣ್ಣು ಬಿದ್ದರೂ ಬೀಳಬಹುದು ಎಂದು ಎರಡು ದಿನ ಲೆಕ್ಕ ಹಾಕಿದೆ. ತಮ್ಮ ಮಾತ್ರ, “ತಪ್ಪಿದ್ದು ನಾನಲ್ಲ,” ಎಂದಷ್ಟೇ ಹೇಳಿದ.

ತಪ್ಪಿದ್ದು ಯಾರೆಂದು ತಿಳಿದದ್ದು ಜನವರಿಯಲ್ಲಿ. ಆಗ ಬಾಳವ್ವನಿಗೆ ಇಪ್ಪತ್ತು ವರ್ಷ. ಅಪ್ಪನಷ್ಟೇ ಎತ್ತರ. ಸ್ಕೀ ಕಲಿಸುವವರ ಪರೀಕ್ಷೆ ಪಾಸು ಮಾಡಿ, ರಿಸಾರ್ಟಿನ ಹನ್ನೆರಡು ಶಿಕ್ಷಕರಲ್ಲಿ ಒಬ್ಬಳಾಗಿ ಅದೇ ವರ್ಷ ಸೇರಿದ್ದಳು. ತನ್ನದೆನ್ನುವ ಜೋಡಿ ಇರಲಿಲ್ಲ, ಬಾಡಿಗೆಗೆ ಹೋಗಿ ಉಳಿದದ್ದನ್ನು ಹಾಕಿಕೊಳ್ಳುತ್ತಿದ್ದಳು. ಒಂದು ಸಂಜೆ ಅಪ್ಪ ಮಗಳು ಅಂಗಡಿಯಲ್ಲಿ ಚಹಾಕ್ಕೆ ಕೂತಿದ್ದರು. ಲಗಮಣ್ಣ ಕೆಟಲಿನಿಂದ ಚಹಾ ಸುರಿದ. ಲೋಟ ಇದ್ದದ್ದು ಅಲ್ಲಿಂದ ನಾಲ್ಕು ಬೆರಳು ಆಚೆ. ಚಹಾ ಮೇಜಿನ ಮೇಲೆ ಹರಿದು ಅವನ ತೊಡೆಗೆ ಬಿತ್ತು.

“ಅಪ್ಪಾ, ಕಣ್ಣಿಗೇನಾಗೇತಿ ನಿಂಗ?”

“ಏನಾಗಿಲ್ಲ. ದೀಪ ಸಣ್ಣಾಗೇತಿ.”

“ದೀಪ ಹಂಗ ಐತಿ. ನನ್ನ ಕೈಯಾಗ ಎಷ್ಟ ಬೆರಳ ಅದಾವ, ಹೇಳು.”

ಲಗಮಣ್ಣ ಅವಳ ಕೈಯಿದ್ದ ಕಡೆ ನೋಡಲೇ ಇಲ್ಲ, ಬಾಗಿಲ ಕಡೆ ನೋಡಿದ. ಒದ್ದೆಯಾದ ತೊಡೆ ಒರೆಸಿಕೊಳ್ಳುತ್ತಾ ಬಾಯಿ ಬಿಟ್ಟ. ಕತ್ತಲಾದರೆ ಕಾಣುವುದಿಲ್ಲ, ಎರಡು ವರ್ಷವಾಯಿತು. ಚಂಡೀಗಢದ ಡಾಕ್ಟರರು ಇದಕ್ಕೆ ಔಷಧಿಯಿಲ್ಲ, ಮುಂದೆ ಹಗಲೂ ಕಡಿಮೆಯಾಗುತ್ತದೆ ಅಂದಿದ್ದಾರೆ. ರಾತ್ರಿ ಅವನು ಇಳಿಯುವುದು ಕಣ್ಣಿನಿಂದಲ್ಲ, ತಿರುವು ಎಣಿಸಿಕೊಂಡು. ತುದಿಯಿಂದ ಮೂರನೆಯ ಕಂಬಕ್ಕೆ ಹನ್ನೆರಡು ತಿರುವು. ಅಲ್ಲಿ ಎಡಕ್ಕೆ ದೊಡ್ಡದಾಗಿ ಹೊರಳಿದರೆ ಹಳ್ಳ ತಪ್ಪುತ್ತದೆ. ಮುಂದೆ ಒಂಬತ್ತು, ಮತ್ತೆ ಬಲಕ್ಕೆ.

“ಮುಂದಿನ ಶನಿವಾರ ಪಂಜಿನ ಓಟ ಐತಿ,” ಅಂದಳು ಬಾಳವ್ವ.

ಕಂಬ ನೆಡುವ ಮೊದಲಿನಿಂದಲೂ ಅದು ಆ ಊರಿನ ಪದ್ಧತಿ. ವರ್ಷಕ್ಕೊಂದು ರಾತ್ರಿ ಕಂಬದ ದೀಪಗಳನ್ನೆಲ್ಲ ಆರಿಸುತ್ತಾರೆ. ಹನ್ನೆರಡು ಮಂದಿ ಶಿಕ್ಷಕರು ಕೈಯಲ್ಲಿ ಉರಿಯುವ ಪಂಜು ಹಿಡಿದು, ಒಬ್ಬರ ಹಿಂದೆ ಒಬ್ಬರು, ಒಂದೇ ಗೆರೆಯಲ್ಲಿ ತುದಿಯಿಂದ ಬುಡದವರೆಗೆ ಇಳಿಯುತ್ತಾರೆ. ಎಲ್ಲರಿಗಿಂತ ಹಿರಿಯ ಶಿಕ್ಷಕ ಮುಂದೆ. ಹಿಂದಿನವರು ತಮ್ಮ ಮುಂದಿನವನ ಬೆನ್ನು ಬಿಟ್ಟು ಬೇರೇನನ್ನೂ ನೋಡಬಾರದು, ಅವನು ತಿರುಗಿದಲ್ಲೇ ತಿರುಗಬೇಕು, ಸಾಲು ಮುರಿಯಬಾರದು. ಹನ್ನೊಂದು ವರ್ಷದಿಂದ ಮುಂದೆ ಇರುವವನು ಲಗಮಣ್ಣ.

“ಈ ವರ್ಷ ಒಂದ ಹೋಗ್ತೀನಿ,” ಅಂದ ಅವನು. “ಇದಾದ ಮ್ಯಾಲ ನಾನ ಬಿಡ್ತೀನಿ. ಯಾರಿಗೂ ಹೇಳಬ್ಯಾಡ ಯವ್ವಾ. ಕುರುಡ ಅಂತ ಕರಿಸ್ಕೊಂಡು ಬಿಡೂದು ಬ್ಯಾಡ ನನಗ.”

“ನೀ ತಪ್ಪಿದ್ರ ನಿನ್ನ ಹಿಂದ ಹನ್ನೊಂದ ಮಂದಿ ಹಳ್ಳಕ್ಕ ಬೀಳ್ತಾರಪ್ಪಾ.”

“ತಪ್ಪಂಗಿಲ್ಲ. ಎಣಕಿ ಬಾಯಿಪಾಠ ಐತಿ.”

ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟೋ ಸಂಕಟವೋ ನನಗೆ ತಿಳಿಯಲಿಲ್ಲ. ಎದ್ದು ಮೇಜು ಒರೆಸಿದಳು. “ಹಂಗಾರ ನಿನ್ನ ಬೆನ್ನಿಗೆ ನಾನ ಇರಾಕಿ,” ಅಂದಳು. “ಇದಕ್ಕ ಒಪ್ಪಿದ್ರ ಬಾಯಿ ಮುಚ್ಕೋತೀನಿ. ಇಲ್ಲಂದ್ರ ಈಗ ಹೋಗಿ ಹೇಳ್ತೀನಿ.”

ಹೊಸಬರು ಸಾಲಿನ ಕೊನೆಯಲ್ಲಿರಬೇಕು. ಲಗಮಣ್ಣ ಮಗಳನ್ನು ಎರಡನೆಯ ಜಾಗಕ್ಕೆ ಹಾಕಿದಾಗ ಉಳಿದ ಶಿಕ್ಷಕರು ಮುಖ ಸಿಂಡರಿಸಿದರು. ಅಪ್ಪ ಮಗಳನ್ನು ಮೇಲಕ್ಕೆ ಎಳೆಯುತ್ತಿದ್ದಾನೆ ಎಂಬ ಮಾತು ಅಂಗಡಿಯ ಮುಂದೆಯೇ ಕೇಳಿಬಂತು.

ಶನಿವಾರ ಸಂಜೆ ಬಾಳವ್ವ ಚರಣಿಗೆಯ ಮುಂದೆ ಬಂದು ನಿಂತಳು. ಒಬ್ಬೊಬ್ಬರನ್ನೇ ದಾಟಿ ನನ್ನ ಮುಂದೆ ನಿಂತಳು. ನನ್ನನ್ನು ಎತ್ತಿ, ಒಳಗೆ ಒಯ್ದು, ತಮ್ಮನ ಪಕ್ಕಕ್ಕೆ ಹಿಡಿದು ಅಳೆದು ನೋಡಿದಳು. ಅದೇ ಅಚ್ಚು, ಅದೇ ಉದ್ದ. ಅಪ್ಪ ಎಷ್ಟು ಅಗಲಕ್ಕೆ ತಿರುಗುತ್ತಾನೋ ಅಷ್ಟೇ ಅಗಲಕ್ಕೆ ಇವೂ ತಿರುಗುತ್ತವೆ ಎಂದು ಅವಳ ಲೆಕ್ಕ. ಕಾರಣ ಏನಾದರೂ ಇರಲಿ, ಆರಿಸಿದ್ದು ನನ್ನನ್ನು! ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಏಳು ವರ್ಷ ಮೂಗಿನಿಂದ ಮಾತ್ರ ಕಂಡಿದ್ದ ಆ ಬಿಸಿ ಮೇಣ ನನ್ನ ಹೊಟ್ಟೆಯ ಮೇಲೆ ಹರಿಯಿತು. ಅರ ತೆಗೆದುಕೊಂಡು ನನ್ನ ಅಂಚನ್ನು ಬೆರಳಿನ ಉಗುರು ಸಿಗಿಯುವಷ್ಟು ಮಸೆದಳು. ಗೋಡೆಯ ಮೇಲಿಂದ ತಮ್ಮ ನೋಡುತ್ತಿದ್ದ. ಅವನಿಗೆ ಅಸೂಯೆಯಾಗಲಿ ಎಂದು ಬಯಸಿದೆ. ಅವನು, “ಅಣ್ಣಾ, ಮೂರನೆಯ ಕಂಬದಲ್ಲಿ ಹುಷಾರು,” ಅಂದ.

ತಂತಿಯ ಮೇಲೆ ಸಾಗುವ ತೂಗುಕುರ್ಚಿಯಲ್ಲಿ ತುದಿಗೆ ಏರಿದೆವು. ಕೆಳಗೆ ಜನರ ಗದ್ದಲ, ಧ್ವನಿವರ್ಧಕದಲ್ಲಿ ಹಾಡು. ಆ ವಾರ ಬಹಳ ಹಿಮ ಬಿದ್ದಿತ್ತು. ಹಳ್ಳದ ಬದಿಯ ಬಲೆ ಅರ್ಧ ಹೂತುಹೋಗಿ ಮೊಣಕಾಲಿನಷ್ಟು ಉಳಿದಿತ್ತು. ತುದಿಯಲ್ಲಿ ಹಿಮ ರಾಶಿಯಾಗಿದ್ದರಿಂದ ಹೊರಡುವ ಜಾಗವನ್ನು ಹಿಮ ತಳ್ಳುವ ಯಂತ್ರದವರು ಮೂವತ್ತು ಹೆಜ್ಜೆ ಕೆಳಗೆ ಸರಿಸಿ ಸಮ ಮಾಡಿದ್ದರು. ಎಲ್ಲರೂ ಅದನ್ನು ನೋಡಿದ್ದರು, ಬಾಳವ್ವನೂ ಮಧ್ಯಾಹ್ನ ನೋಡಿದ್ದಳು. ಕಣ್ಣಿದ್ದವರಿಗೆ ಅದೊಂದು ವಿಷಯವೇ ಅಲ್ಲ. ಹಾಗಾಗಿ ಯಾರೂ ಲಗಮಣ್ಣನಿಗೆ ಹೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ದೀಪಗಳು ಒಮ್ಮೆಲೇ ಆರಿದವು. ಪಂಜುಗಳು ಹೊತ್ತಿಕೊಂಡವು. ಲಗಮಣ್ಣ ಒಮ್ಮೆ ಕೈಯೆತ್ತಿ ಹೊರಟ. ಅವನ ಹಿಂದೆ ನಾವು.

ಅಯ್ಯೋ, ಆ ರಾತ್ರಿಯ ಹಿಮ! ತಮ್ಮ ಸುಳ್ಳು ಹೇಳಿರಲಿಲ್ಲ. ಗಟ್ಟಿ ನೆಲದ ಮೇಲೆ ಮಸೆದ ಅಂಚು ಹಿಡಿದು ಹೋಗುವಾಗ ಮೈಯಲ್ಲಿ ಒಂದು ನಡುಕ ಹುಟ್ಟುತ್ತದೆ. ಹಿಮದ ಮೇಲೆ ಬೆಂಕಿಯ ಕೆಂಪು ಬೆಳಕು ಅಲ್ಲಾಡುತ್ತಿತ್ತು. ನಾನು ಹುಟ್ಟಿದ್ದು ಇದಕ್ಕೆ, ಮ್ಯಾಗಿ ತಿನ್ನುವವರಿಗೆ ಮಣೆಯಾಗಲು ಅಲ್ಲ ಅನ್ನಿಸಿತು. ಆದರೆ ಮುಂದೆ ನೋಡಿದರೆ ತಮ್ಮನ ಬಾಲ. ತಿರುಗಿದರೆ ತಮ್ಮನ ಗೆರೆ. ಇಷ್ಟೆಲ್ಲ ಸಿಕ್ಕಿದ ಮೇಲೂ ಮುಂದಿರುವವನು ಅವನೇ! ಆ ಸುಖದ ನಡುವೆಯೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ.

ಬಾಳವ್ವ ಮೆಲ್ಲಗೆ ಎಣಿಸುತ್ತಿದ್ದಳು. ಎಂಟು. ಒಂಬತ್ತು. ಅಷ್ಟರಲ್ಲಿ ಪಂಜಿನ ಬೆಳಕಿಗೆ ಪಕ್ಕದಲ್ಲಿ ಕಪ್ಪಗೆ ಏನೋ ಎದ್ದು ನಿಂತಿತು. ಕಂಬ. ಮೂರನೆಯ ಕಂಬ. ಲಗಮಣ್ಣನ ಲೆಕ್ಕದಲ್ಲಿ ಅದು ಇನ್ನೂ ಮೂರು ತಿರುವು ದೂರವಿತ್ತು. ಅವನು ಎಡಕ್ಕೆ ಹೊರಳಲಿಲ್ಲ. ಬಲಕ್ಕೆ ಇಳಿಯುತ್ತಲೇ ಇದ್ದ.

“ಅಪ್ಪಾ! ಕಂಬ ದಾಟೇತಿ! ಎಡಕ್ಕ ಹೊಳ್ಳು!”

ಕೆಳಗಿನ ಹಾಡಿನ ಅಬ್ಬರ, ಎದುರು ಗಾಳಿ, ಪಂಜಿನ ಭರಭರ. ಅವನಿಗೆ ಕೇಳಲಿಲ್ಲ. ಹಿಂದಿದ್ದ ಹತ್ತು ಮಂದಿಗೆ ಆ ಮಾತು ಅರ್ಥವಾಗಲಿಲ್ಲ, ಏನೋ ದೇವರನ್ನು ಕೂಗುತ್ತಿದ್ದಾಳೆ ಅಂದುಕೊಂಡರು. ಅರ್ಧ ಹೂತ ಬಲೆ ನನಗೇ ಕಾಣುತ್ತಿತ್ತು. ಅದರಾಚೆ ಬೆಳಕು ಬೀಳದ ಕಪ್ಪು.

ಆಗ ಅವಳು ಸಾಲಿನಿಂದ ಎಡಕ್ಕೆ ಚಿಮ್ಮಿದಳು. ಮಂಜು ಕವಿದು ಏನೂ ಕಾಣದ ದಿನಗಳಲ್ಲಿ ಲಗಮಣ್ಣ ತನ್ನ ಜವಾನರಿಗೂ ಮಗಳಿಗೂ ಒಂದೇ ಪಾಠ ಹೇಳುತ್ತಿದ್ದ: ಗುಂಪಿನವರ ಹಲಗೆಯ ಸಪ್ಪಳ ಯಾವ ಕಡೆಗಿದೆಯೋ ಆ ಕಡೆಗೆ ಹೊರಳು, ಆಮೇಲೆ ಯೋಚಿಸು. ಬಾಳವ್ವ ಅಪ್ಪನ ಎಡ ಮಗ್ಗುಲಿಗೆ ಬಂದು, ನನ್ನನ್ನು ಪೂರ್ತಿ ಅಂಚಿನ ಮೇಲೆ ನಿಲ್ಲಿಸಿ, ಮಂಜುಗಡ್ಡೆಗೆ ಅಡ್ಡಲಾಗಿ ಒತ್ತಿ ಎಳೆದಳು. ಕರ್‍ರ್ ಎಂದು ನಾನು ಕಿರುಚಿದೆ. ಮೈ ಸೀಳಿಹೋಗುವಂತೆ ಕಿರುಚಿದೆ. ಲಗಮಣ್ಣನ ತಲೆ ಥಟ್ಟನೆ ಇತ್ತ ಹೊರಳಿತು. ತಲೆಯ ಹಿಂದೆ ಭುಜ, ಭುಜದ ಹಿಂದೆ ಕಾಲು. ತಮ್ಮನ ಬಾಲ ಬಲೆಯ ಹಗ್ಗಕ್ಕೆ ತಾಗಿ, ಬಿಡಿಸಿಕೊಂಡು, ಎಡಕ್ಕೆ ತಿರುಗಿತು. ಹಿಂದಿದ್ದ ಪಂಜುಗಳು ಒಂದೊಂದಾಗಿ ಅವನ ಗೆರೆಯಲ್ಲೇ ತಿರುಗಿದವು.

ಅಲ್ಲಿಂದ ಬುಡದವರೆಗೆ ನಾವು ಜೊತೆಯಲ್ಲೇ ಇಳಿದೆವು. ಪ್ರತಿ ತಿರುವಿಗೂ ಮೊದಲು ಬಾಳವ್ವ ತಿರುಗಬೇಕಾದ ಮಗ್ಗುಲಿಗೆ ಬಂದು ನನ್ನನ್ನು ಎಳೆಯುತ್ತಿದ್ದಳು, ಲಗಮಣ್ಣ ಆ ಕಡೆಗೆ ಹೊರಳುತ್ತಿದ್ದ. ನನ್ನ ಮೂತಿ ತಮ್ಮನ ಮೂತಿಗಿಂತ ಒಂದು ಗೇಣು ಹಿಂದೆ ಇತ್ತು. ಒಂದೇ ಗೇಣು! ಅವಳು ಮೊಣಕಾಲನ್ನು ಸ್ವಲ್ಪ ಬಗ್ಗಿಸಿದ್ದರೆ ಸಾಕು, ಇಡೀ ಊರಿನ ಕಣ್ಣ ಮುಂದೆ ನಾನು ಮುಂದೆ, ತಮ್ಮ ಹಿಂದೆ. ದಾಟು, ದಾಟು ಎಂದು ನಾನು ಒಳಗೇ ಹಲುಬಿದೆ. ಅವಳಿಗೆ ದಾಟುವ ಶಕ್ತಿಯಿತ್ತು, ಇಳಿಜಾರಿತ್ತು, ಕಾರಣವೂ ಇತ್ತು. ದಾಟಿದ್ದರೆ ಅಪ್ಪ ಕೈಲಾಗದವನೆಂದು ಆ ಕ್ಷಣವೇ ಎಲ್ಲರಿಗೂ ತಿಳಿಯುತ್ತಿತ್ತು. ಆ ಒಂದು ಗೇಣನ್ನು ಅವಳು ಕೊನೆಯವರೆಗೂ ದಾಟಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂತು. ಆ ಸಿಟ್ಟು ಇಳಿಯಲು ಎಷ್ಟೋ ವರ್ಷ ಬೇಕಾಯಿತು.

ಬುಡದಲ್ಲಿ ಚಪ್ಪಾಳೆ. ಚಪ್ಪಾಳೆ ಮುಗಿದ ಮೇಲೆ ರಿಸಾರ್ಟಿನ ಮುಖ್ಯಸ್ಥರಾದ ನೇಗಿ ಸಾಹೇಬರು ಎಲ್ಲರ ಎದುರಿಗೇ ಬಾಳವ್ವನಿಗೆ ಹಿಂದಿಯಲ್ಲಿ ಛೀಮಾರಿ ಹಾಕಿದರು. ಸಾಲು ಮುರಿದವಳು ನೀನೊಬ್ಬಳೇ, ಎರಡನೆಯ ಜಾಗ ಸಿಕ್ಕಿತೆಂದು ಅಪ್ಪನ ಸಮಕ್ಕೆ ಮೆರೆಯಲು ಹೋದೆಯಾ, ನಿನ್ನಂಥವರಿಗೆ ರಾತ್ರಿಯ ಇಳಿಜಾರು ಕೊಡುವುದಿಲ್ಲ, ಇನ್ನು ಮೇಲೆ ಹಗಲು ಮಕ್ಕಳಿಗೆ ಪಾಠ ಹೇಳಿಕೊಂಡಿರು ಅಂದರು. ಉಳಿದ ಶಿಕ್ಷಕರು ಹಾಗೇ ಆಗಬೇಕು ಎನ್ನುವಂತೆ ನಿಂತಿದ್ದರು. ಬಾಳವ್ವ ತಲೆ ತಗ್ಗಿಸಿ, ಬೂಟು ಹಿಡಿಯುವ ನನ್ನ ಕೊಕ್ಕೆ ಬಿಚ್ಚುತ್ತಿದ್ದಳು. ಬಾಯಿ ಮಾತ್ರ ಬಿಡಲಿಲ್ಲ.

ಬಾಯಿ ಬಿಟ್ಟವನು ಲಗಮಣ್ಣ. ಪಂಜನ್ನು ಹಿಮಕ್ಕೆ ಚುಚ್ಚಿ ಆರಿಸಿ, ದನಿ ಬಂದ ದಿಕ್ಕಿಗೆ ತಿರುಗಿ, ಅದೇ ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ನನಗೆ ರಾತ್ರಿ ಕಣ್ಣು ಕಾಣುವುದಿಲ್ಲ ಸಾಹೇಬರೇ. ಎರಡು ವರ್ಷದಿಂದ ಮುಚ್ಚಿಟ್ಟಿದ್ದೆ. ಇವಳು ಸಾಲು ಮುರಿಯದಿದ್ದರೆ ನಾವು ಹನ್ನೆರಡು ಮಂದಿ ಈಗ ಹಳ್ಳದಲ್ಲಿರುತ್ತಿದ್ದೆವು. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಧ್ವನಿವರ್ಧಕದ ಹಾಡನ್ನು ಯಾರೋ ನಿಲ್ಲಿಸಿದರು. ಯಾವ ಮಾತನ್ನು ಕೇಳಬಾರದೆಂದು ಅವನು ಅಷ್ಟು ಹೆದರಿದ್ದನೋ ಅದನ್ನು ತಾನೇ ಹೇಳಿಬಿಟ್ಟಿದ್ದ. ನೇಗಿ ಸಾಹೇಬರು ಬಂದು ಅವನ ಕೈ ಹಿಡಿದುಕೊಂಡು ಮನೆಯವರೆಗೆ ನಡೆಸಿದರು. ಮರುವರ್ಷದಿಂದ ಸಾಲಿನ ಮುಂದೆ ಬಾಳವ್ವ ಎಂದು ಹಿರಿಯ ಶಿಕ್ಷಕರೇ ಒಪ್ಪಿದರು.

ಇಷ್ಟಾದ ಮೇಲೆ ನನಗೇನು ಸಿಕ್ಕಿತು ಅನ್ನುತ್ತೀರಿ? ಮರುದಿನ ಲಗಮಣ್ಣ ತಮ್ಮನನ್ನು ಗೂಟದಿಂದ ಇಳಿಸಿ ಮಗಳ ಕೈಗೆ ಕೊಟ್ಟ. “ಇನ್ನ ಇದು ನಿಂದ ಯವ್ವಾ,” ಅಂದ. ಅವಳು ಅದನ್ನು ಎದೆಗೊತ್ತಿಕೊಂಡು ಅತ್ತಳು. ನನ್ನನ್ನು ಒರೆಸಿ ಚರಣಿಗೆಯಲ್ಲಿ ಇಟ್ಟರು. ಇಪ್ಪತ್ಮೂರನೆಯ ಜಾಗ. ಒಂದು ರಾತ್ರಿಯ ಅರಮನೆ, ಮರುದಿನ ಮತ್ತೆ ಫೋಟೋ ಹೊಡೆಸಿಕೊಳ್ಳುವವರ ಬೂಟು. ತಮ್ಮ ಮೊದಲು ಅಪ್ಪನ ಕಾಲಲ್ಲಿ ಮುಂದೆ ಹೋಗುತ್ತಿದ್ದ, ಈಗ ಮಗಳ ಕಾಲಲ್ಲಿ ಮುಂದೆ ಹೋಗುತ್ತಾನೆ. ನನ್ನ ಮಸೆದ ಅಂಚು ಎರಡೇ ತಿಂಗಳಲ್ಲಿ ಮತ್ತೆ ಮೊಂಡಾಯಿತು.

ಮೂರು ವರ್ಷದ ನಂತರ ಒಬ್ಬ ಧಡೂತಿ ಆಸಾಮಿ ನನ್ನನ್ನು ಹಿಮ ಕರಗಿದ ಬಂಡೆಯ ಮೇಲೆ ಓಡಿಸಿದ. ಹೊಟ್ಟೆ ಸೀಳಿ ಒಳಗಿನ ಮರ ಕಂಡಿತು, ಒಂದು ಬದಿಯ ಅಂಚು ಕಿತ್ತು ಹೊರಗೆ ಬಂತು. ಕೊಕ್ಕೆಗಳನ್ನು ಬಿಚ್ಚಿಕೊಂಡು ನಮ್ಮನ್ನು ಅಂಗಡಿಯ ಹಿಂದೆ ಎಸೆದರು. ಒಂದು ಬೇಸಿಗೆ ಗಿಡಗಂಟಿಯಲ್ಲಿ ಬಿದ್ದಿದ್ದೆ. ಆಮೇಲೆ ಬಾಳವ್ವ ಬಡಗಿಯನ್ನು ಕರೆಸಿ, ಬಣ್ಣ ಕೆರೆಸಿ, ನಮ್ಮಿಬ್ಬರನ್ನು ಒಂದು ಬೆಂಚಿನ ಬೆನ್ನಿಗೆ ಹೊಡೆಸಿದಳು. ಮೂತಿ ಮಾತ್ರ ಮೊದಲಿನ ಹಾಗೆಯೇ ಒಂದು ಪಕ್ಕಕ್ಕೆ ಬಾಗಿ ಉಳಿಯಿತು. ಬೆಂಚನ್ನು ಅಂಗಡಿಯ ಮುಂದೆ, ಇಳಿಜಾರಿಗೆ ಎದುರಾಗಿ ಹಾಕಿದ್ದಾರೆ. ಈಗ ನನ್ನ ಜಾಗ ಇದೇ.

ಲಗಮಣ್ಣನಿಗೆ ಈಗ ಹಗಲೂ ಕಾಣುವುದಿಲ್ಲ. ಬೆಂಚು ಹಾಕಿದ ದಿನ ಬಂದು ಕೂತು, ಕೈ ಹಿಂದೆ ಹಾಕಿ ತಡವಿದ. ಬಾಗಿದ ಮೂತಿಯನ್ನು, ನಡುವಿನ ಅಗಲವನ್ನು ಬೆರಳಿನಿಂದ ಅಳೆದ. ಅವನ ಮುಖ ಅರಳಿತು.

“ಯವ್ವಾ, ಇದು ನನ್ನ ಜೋಡಿ ಅಲ್ಲ?” ಅಂದ. “ನಿಂಗ ರಿಸಾರ್ಟಿನವ್ರು ಹೊಸಾವ ಕೊಟ್ಟಾರಲ್ಲ, ಅದಕ್ಕ ಇವನ್ನ ಇಲ್ಲಿ ಹೊಡಿಸೀಯೇನ?”

ಹೊಸ ಜೋಡಿ ಕೊಟ್ಟದ್ದು ನಿಜ. ಅದನ್ನು ಅವಳು ಹಗಲು ಹಾಕಿಕೊಳ್ಳುತ್ತಾಳೆ. ರಾತ್ರಿಗೆ ಈಗಲೂ ತಮ್ಮನೇ. ಬಾಳವ್ವ ಏನೋ ಹೇಳಲು ಬಾಯಿ ತೆರೆದಳು. ಅಪ್ಪನ ಮುಖ ನೋಡಿದಳು. “ಹೂನಪ್ಪಾ,” ಅಂದುಬಿಟ್ಟಳು.

ಅಂದಿನಿಂದ ನಾನು ಅವನ ಪಾಲಿಗೆ ತಮ್ಮನಾಗಿದ್ದೇನೆ. ಅವನು ಸವರುವಾಗಲೆಲ್ಲ ನನಗೆ ಹೇಗಾಗುತ್ತದೆ ಎಂದು ಹೇಳಲೇ? ಜೀವಮಾನವಿಡೀ ಬಯಸಿದ ಕೈ ಅದು. ಆದರೆ ಆ ಕೈಯಲ್ಲಿರುವ ಪ್ರೀತಿಯ ಮೇಲೆ ಬರೆದಿರುವ ಹೆಸರು ಬೇರೆಯವನದು. ಸಿಕ್ಕಿದರೂ ಸಿಗದ ಹಾಗೆ. ತಮ್ಮ ಅಲ್ಲಿ ಇಳಿಜಾರಿನಲ್ಲೂ ಇದ್ದಾನೆ, ಇಲ್ಲಿ ನನ್ನ ಮೈಮೇಲೂ ಬಂದು ಕೂತಿದ್ದಾನೆ. ಮುದಿತನದಲ್ಲಿಯೂ ನನಗೆ ಇವನಿಂದ ಬಿಡುಗಡೆಯಿಲ್ಲವಲ್ಲ ಎಂದು ಹಲ್ಲು ಕಡಿದುಕೊಂಡೇ ಎರಡು ಚಳಿಗಾಲ ಕಳೆದೆ.

ಹೋದ ಶನಿವಾರ ಪಂಜಿನ ಓಟವಿತ್ತು. ಲಗಮಣ್ಣ ಕಂಬಳಿ ಹೊದ್ದು ಒಬ್ಬನೇ ಬೆಂಚಿನ ಮೇಲೆ ಕೂತಿದ್ದ. ದೀಪಗಳು ಆರಿದವು. ಮೇಲೆ ಹನ್ನೆರಡು ಬೆಂಕಿ ಹೊತ್ತಿ ಇಳಿಯತೊಡಗಿದವು. ಅವನು ಕಿವಿಗೊಟ್ಟು ಕೇಳುತ್ತಾ, ಕೈಯನ್ನು ನನ್ನ ಮೂತಿಯ ಮೇಲಿಟ್ಟು, ಹಳೆಯ ಗೆಳೆಯನಿಗೆ ಹೇಳುವಂತೆ ಮೆಲ್ಲಗೆ ಮಾತಾಡಿದ.

“ನಿನ್ನ ಮ್ಯಾಲ ನಿಂತು ಏಳ ಚಳಿಗಾಲ ಇಳದೀನಿ. ನಿನ್ನಂಥಾ ಜೋಡಿ ಮತ್ತೊಂದಿಲ್ಲ ಅಂತ ಎಲ್ಲಾರ ಮುಂದ ಹೇಳ್ತೀನಿ. ಆದ್ರ ಇವತ್ತ ಒಂದ ಖರೇ ಮಾತ ಹೇಳ್ತೀನಿ, ಹೊಟ್ಟಿಕಿಚ್ಚ ಪಡಬ್ಯಾಡ. ಆ ರಾತ್ರಿ ನನ್ನ ಉಳಿಸಿದ್ದು ನೀ ಅಲ್ಲ. ಮಗ್ಗಲದಾಗ ಬಂತಲ್ಲ, ಆ ಬಾಡಿಗಿ ಜೋಡಿ, ಅದು. ಅದರ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ. ಪಾಪ, ಎಲ್ಲಿ ಒಗದಾರೋ ಏನೋ. ಸಿಕ್ಕಿದ್ರ ಒಂದ ಸಲ ಅದರ ಮೈಮ್ಯಾಲ ಕೈ ಆಡಸ್ತಿದ್ದೆ.”

ಹಾಗೆ ಹೇಳುತ್ತಾ ಅವನು ನನ್ನ ಮೂತಿಯಿಂದ ಬಾಲದವರೆಗೆ ಕೈಯಾಡಿಸಿದ. ಸೀಳಿದ ಜಾಗದಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತು, ಮುಂದೆ ಹೋಯಿತು. ನಾನು ಮಿಸುಕಲಿಲ್ಲ. ತಮ್ಮ ಇದನ್ನು ಕೇಳಬೇಕಿತ್ತು. ಅವನು ಆಗ ಮೇಲೆ, ಮೂರನೆಯ ಕಂಬದ ಹತ್ತಿರ ಎಡಕ್ಕೆ ಹೊರಳುತ್ತಿದ್ದ.